ಪದ ಬೇಕು, ತುರ್ತು: ‘ರಿಸ್ಟ್ರಿಕ್ಟೆಡ್ ಸ್ಪೀಡ್’

ಎಲ್ಲರಿಗೂ ನಮಸ್ಕಾರ. ರೈಲು ಓಡಿಸುವವರಿಗಾಗಿ ಒಂದು ಪುಟ್ಟ ಸುರಕ್ಷತಾ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಸಿಕ್ಕಿಕೊಂಡ ಸಾಲು ಇದು: ಆಟೋಮ್ಯಾಟಿಕ್ ಸಿಗ್ನಲ್ (ಗಾಡಿಗಳ ಓಡಾಟಕ್ಕೆ ತಕ್ಕಂತೆ ತಾನೇ ಬದಲಾಗುವಂಥದ್ದು) ಕೆಂಪಿದ್ದರೆ ಗಾಡಿ ನಿಲ್ಲಿಸಿ, ಹಗಲಲ್ಲಿ 1 ನಿಮಿಷ, ರಾತ್ರಿ 2 ನಿಮಿಷ ಕಾದು, ಆಮೇಲೆ ‘ರಿಸ್ಟ್ರಿಕ್ಟೆಡ್ ಸ್ಪೀಡ್’ನಲ್ಲಿ ‘ಅಲರ್ಟ್’ ಆಗಿ ಮುಂದೆ ಹೋಗಬೇಕು. ‘ನಿರ್ಬಂಧಿತ ವೇಗ’, ‘ಜಾಗರೂಕತೆ’ ಅಂತ ಹಾಕಿದ್ದೇನೆ. ಓದಿದರೆ ನನಗೇ ಸರ್ಕಾರಿ ಸುತ್ತೋಲೆ ಥರ ಕೇಳಿಸುತ್ತಿದೆ.

---

ಎರಡೂ ಸಂಸ್ಕೃತ, ನಮ್ಮವಲ್ಲ. ‘ಕಟ್ಟುಬಿರುಸು’ ಅನ್ನಿ, ಕಟ್ಟುಪಾಡು ಇದ್ದ ಹಾಗೆ. ಅಲರ್ಟಿಗೆ ‘ಎಚ್ಚರ’ ಇದೆಯಲ್ಲ. ಹಳಗನ್ನಡದ ‘ಎೞ್ಚಱ್’. ೞ ಬಿದ್ದು ಚಕಾರ ಒತ್ತಾಯಿತು. ಬೇರು ‘ಏೞ್’, ಅಂದರೆ ಎದ್ದೇಳು. ಮನೆಯಲ್ಲೇ ಇಂಥ ಪದ ಇಟ್ಟುಕೊಂಡು ಸಾಲಕ್ಕೆ ಯಾಕೆ ಹೋಗುತ್ತೀರಿ?

---

ಬಿರುಸು? ನಮ್ಮೂರಲ್ಲಿ ಮಳೆ ಬಿರುಸಾಯಿತು ಅಂದರೆ ಜೋರಾಯಿತು ಅಂತ. ಕಟ್ಟುಬಿರುಸು ಅಂತ ಓದಿದವನು ಇನ್ನೂ ಜೋರಾಗಿ ಬಿಟ್ಟಾನು! ಸುಮ್ನೆ ‘ನಿಧಾನ’ ಅನ್ನಿ.

---

‘ನಿಧಾನ’ ಸಂಸ್ಕೃತ.

---

ಸಂಸ್ಕೃತದಲ್ಲಿ ಅದಕ್ಕೆ ನಿಧಿ, ಕೂಡಿಟ್ಟದ್ದು ಅಂತ ಅರ್ಥ. ‘ಮೆಲ್ಲಗೆ’ ಅನ್ನುವ ಅರ್ಥ ಬಂದಿದ್ದು ನಮ್ಮ ಕಡೆಯ ಬಾಯಲ್ಲಿ. ಹೀಗೇ ಹೊರಟರೆ ರೈಲು, ಸಿಗ್ನಲ್, ಇಂಜಿನ್ ಎಲ್ಲ ಇಳಿಸಬೇಕಾಗುತ್ತೆ ಸ್ವಾಮಿ. ಹಳಿ ಒಂದು ಉಳಿದೀತು.

---

ನಾನು ಮೂವತ್ತು ವರ್ಷ ಇಂಜಿನ್‌ನಲ್ಲಿ ಕೂತವನು. ಸಾಲದ ಲೆಕ್ಕ ಆಮೇಲೆ ಮಾಡಿ, ಮೊದಲು ಅರ್ಥ ನೋಡಿ.

ಕಾಷನ್ ಆರ್ಡರ್‌ನಲ್ಲಿ, ಅಂದರೆ ಚಾಲಕನಿಗೆ ಕೊಡುವ ಎಚ್ಚರಿಕೆಯ ಚೀಟಿಯಲ್ಲಿ, ಇಂಥ ಕಿಲೋಮೀಟರ್‌ನಿಂದ ಇಂಥಲ್ಲಿವರೆಗೆ ಗಂಟೆಗೆ 30 ಕಿ.ಮೀ. ಅಂತ ಬರೆದಿರುತ್ತೆ. ಅದು ವೇಗಮಿತಿ. ಕೆಂಪು ದಾಟಿದ ಮೇಲಿನದು ಹಾಗಲ್ಲ. ಮುಂದೆ ಇನ್ನೊಂದು ಗಾಡಿ ನಿಂತಿರಬಹುದು. ಚೆನ್ನಾಗಿ ಕಂಡರೆ 15, ಇಲ್ಲದಿದ್ದರೆ 10. ತಿರುವಿನಲ್ಲಿ ದಿಬ್ಬ ಅಡ್ಡ ಬಂದರೆ, ಮಂಜು ಕವಿದರೆ, ಆ 10 ಕೂಡ ಜಾಸ್ತಿ. ಕಂಡಷ್ಟರೊಳಗೆ ಗಾಡಿ ನಿಲ್ಲಬೇಕು, ಅಷ್ಟೇ. ‘ನಿರ್ಬಂಧಿತ’ ಅಂದರೆ ಓದುವವನು ಅಂಕಿ ಹುಡುಕುತ್ತಾನೆ, ಹಳಿ ನೋಡಲ್ಲ. 2024ರ ಜೂನ್‌ನಲ್ಲಿ ಪಶ್ಚಿಮ ಬಂಗಾಳದ ರಂಗಪಾಣಿ ಹತ್ತಿರ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಗೂಡ್ಸ್ ಹಿಂದಿನಿಂದ ಗುದ್ದಿತಲ್ವಾ? ಸಿಗ್ನಲ್ ಕೆಟ್ಟಿತ್ತು, ಕೆಂಪು ದಾಟಲು ಚೀಟಿ ಕೊಟ್ಟಿದ್ದರು. ಎಷ್ಟು ವೇಗದಲ್ಲಿ ಅನ್ನುವುದು ಆ ಚೀಟಿಯಲ್ಲಿ ಇರಲಿಲ್ಲ ಅಂತ ತನಿಖೆಯಲ್ಲಿ ಬಂತು.

ಇನ್ನು ‘ಎಚ್ಚರ’. ಇಂಜಿನ್‌ನಲ್ಲಿ ವಿಸಿಡಿ ಅಂತ ಇರುತ್ತೆ, ಚಾಲಕ ಎಚ್ಚರವಿದ್ದಾನಾ ಅಂತ ನೋಡುವ ಸಾಧನ. ಒಂದು ನಿಮಿಷ ಏನನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತೆ, ಆಮೇಲೆ ಬಜರ್, ಆಗಲೂ ಅದರ ಬಟನ್ ಒತ್ತದೆ ಸುಮ್ಮನಿದ್ದರೆ ತಾನೇ ಬ್ರೇಕ್ ಹಾಕುತ್ತೆ. ಬೆಳಗಿನ ಜಾವ ಮೂರಕ್ಕೆ ಅರೆನಿದ್ದೆಯಲ್ಲೂ ಕೈ ಆ ಬಟನ್ ಒತ್ತುತ್ತೆ. ನಾನೂ ಒತ್ತಿದ್ದೇನೆ. ಎದ್ದಿರುವುದೇ ಎಚ್ಚರ ಅನ್ನುವ ನಿಮ್ಮ ‘ಏೞ್’ ಅಲ್ಲಿಗೆ ಮುಗಿಯಿತು. ಇಲ್ಲಿ ಬೇಕಾದ್ದು ‘ಹಳಿ ಮೇಲೆ ಕಣ್ಣಿಟ್ಟು’. ವೇಗಕ್ಕೆ ‘ಕಣ್ಣಳತೆಯ ವೇಗ’ ಅನ್ನಿ.

---

ಥ್ಯಾಂಕ್ಸ್ ಸರ್. ‘ಹಳಿ ಮೇಲೆ ಕಣ್ಣಿಟ್ಟು, ಕಂಡಷ್ಟು ದೂರದೊಳಗೆ ನಿಲ್ಲಿಸಬಹುದಾದ ವೇಗದಲ್ಲಿ’ ಅಂತ ಬಿಡಿಸಿ ಬರೆದೆ. ತಲೆಬರಹಕ್ಕೆ ‘ಕಣ್ಣಳತೆಯ ವೇಗ’. 15, 10 ಎರಡನ್ನೂ ಕೆಳಗೆ ದಪ್ಪ ಅಂಕಿಯಲ್ಲಿ ಹಾಕಿದ್ದೇನೆ. ಪ್ರೆಸ್ಸಿಗೆ ಕಳಿಸಿಯೂ ಆಯಿತು.

---

‘ವೇಗ’ ಸಂಸ್ಕೃತ. ‘ಕಣ್ಣಳತೆಯ ಓಟ’ ಅನ್ನಬಹುದಿತ್ತು.