ಬೆಳಗಾದರೆ ಹೊಟ್ಟೆನೋವು, ಕೂತಲ್ಲಿ ಕೂರಲ್ಲ: ಎಡಿಎಚ್‌ಡಿನಾ, ಆತಂಕನಾ?

ಪ್ರಶ್ನೆ (ಒಬ್ಬ ತಾಯಿ): ಮೇಡಂ, ನನ್ನ ಮಗನಿಗೆ ಆರೂವರೆ ವರ್ಷ. ಮೂರು ವರ್ಷದವನಿದ್ದಾಗಿಂದಲೂ ಒಂದು ಕಡೆ ಕೂರುವುದಿಲ್ಲ. ಟೀಚರ್ ‘ಎಡಿಎಚ್‌ಡಿ (ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ) ಇರಬಹುದು, ತೋರಿಸಿ’ ಅಂದಿದ್ದಾರೆ. ಆದರೆ ಈಗ ಎರಡು ತಿಂಗಳಿಂದ ಬೆಳಗಾದರೆ ಹೊಟ್ಟೆನೋವು ಅಂತ ಅಳು. ಡಾಕ್ಟರ್ ನೋಡಿ ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಅಂದರು. ‘ಕರ್ಕೊಂಡು ಹೋಗೋಕೆ ನೀನೇ ಬರ್ತೀಯ ಅಲ್ವಾ?’ ಅಂತ ಶಾಲೆ ಗೇಟಿನವರೆಗೂ ಹತ್ತು ಸಲ ಕೇಳುತ್ತಾನೆ. ಒಂದಕ್ಷರ ತಪ್ಪಿದರೆ ಹಾಳೆ ಹರಿಯುವವರೆಗೂ ರಬ್ಬರ್ ಹಾಕಿ ಉಜ್ಜುತ್ತಾನೆ. ಮನೆಯಲ್ಲಿ ಹಿರಿಯರು ಇದೆಲ್ಲ ಸುಮ್ನೆ ನಾಟಕ ಅಂತಾರೆ.

ಉತ್ತರ (ಮಕ್ಕಳ ಮನೋವೈದ್ಯೆ): ನಾಟಕ ಅಲ್ಲಮ್ಮ. ಆ ಹೊಟ್ಟೆನೋವು ನಿಜವಾದದ್ದೇ. ಹೆದರಿಕೆಯಾದಾಗ ದೊಡ್ಡವರಿಗೂ ಹೊಟ್ಟೆ ಕಿವುಚುತ್ತದೆ ಅಲ್ವಾ? ಆ ವಯಸ್ಸಿಗೆ ‘ನನಗೆ ಭಯ’ ಅನ್ನುವ ಮಾತಿಗಿಂತ ‘ಹೊಟ್ಟೆ ನೋವು’ ಬೇಗ ಬಾಯಿಗೆ ಬರುತ್ತದೆ.

ನಿಮ್ಮ ಪ್ರಶ್ನೆಯಲ್ಲೇ ಒಂದು ಸುಳಿವಿದೆ. ಚಡಪಡಿಕೆ ಮೂರು ವರ್ಷದವನಿದ್ದಾಗಿಂದ, ಅಳು ಎರಡು ತಿಂಗಳಿಂದ. ಹಾಗಾಗಿ ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಕೂರಲಾಗದಿರುವುದು, ಗಮನ ನಿಲ್ಲದಿರುವುದು ಎಡಿಎಚ್‌ಡಿಯಲ್ಲೂ ಇರುತ್ತದೆ, ಆತಂಕದಲ್ಲೂ ಇರುತ್ತದೆ. ನಾನು ಮೊದಲು ಕೇಳುವುದು, ಚಡಪಡಿಸುವುದಕ್ಕೆ ಸ್ವಲ್ಪ ಮುಂಚೆ ಏನು ನಡೆದಿತ್ತು ಅಂತ. ಎಡಿಎಚ್‌ಡಿ ಇರುವ ಮಗು ಖುಷಿಯಾಗಿದ್ದಾಗಲೂ ಚಡಪಡಿಸುತ್ತದೆ. ರೋಗ ಗುರುತಿಸಲು ವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿ ಪ್ರಕಾರ ಎಡಿಎಚ್‌ಡಿ ಲಕ್ಷಣಗಳು 12 ವರ್ಷದೊಳಗೆ ಶುರುವಾಗಿರಬೇಕು, 6 ತಿಂಗಳಾದರೂ ಇರಬೇಕು, ಮನೆ, ಶಾಲೆ ಹೀಗೆ ಕನಿಷ್ಠ ಎರಡು ಕಡೆ ಕಾಣಬೇಕು. ಆತಂಕದ ಮಗು ಹಾಗಲ್ಲ. ಭಯದ ವಿಷಯ ಹತ್ತಿರ ಬಂದಂತೆ ಒದ್ದಾಡುತ್ತದೆ, ರಜೆ ಸಿಕ್ಕರೆ ಎಷ್ಟೋ ಹಗುರಾಗುತ್ತದೆ. ತರಗತಿಯಲ್ಲಿ ಪಾಠ ಕಿವಿಗೆ ಬೀಳುವುದಿಲ್ಲ, ಯಾಕೆಂದರೆ ತಲೆಯೊಳಗೆ ‘ಅಮ್ಮ ಬರದೇ ಇದ್ದರೆ?’ ಓಡುತ್ತಿರುತ್ತದೆ.

ರಬ್ಬರ್ ವಿಷಯ ಓದಿ ಮನಸ್ಸಿಗೆ ಕಷ್ಟವಾಯಿತು. ಎಡಿಎಚ್‌ಡಿ ಮಾತ್ರ ಇರುವ ಮಗು ಸಾಮಾನ್ಯವಾಗಿ ತಪ್ಪು ಬರೆದು ಮುಂದಿನ ಸಾಲಿಗೆ ಓಡಿಬಿಡುತ್ತದೆ. ಹಾಳೆ ಹರಿಯುವಷ್ಟು ಉಜ್ಜುವುದು ತಪ್ಪಿಗೆ ಹೆದರಿದ ಮಗು. ಆದರೆ ದಿನವಿಡೀ ಬೈಸಿಕೊಂಡು ಬೈಸಿಕೊಂಡು ಎಡಿಎಚ್‌ಡಿ ಮಗುವೂ ಹಾಗಾಗಬಹುದು. ಎರಡೂ ಒಟ್ಟಿಗೆ ಇರುವುದು ಅಪರೂಪ ಅಲ್ಲವೇ ಅಲ್ಲ. 1999ರಲ್ಲಿ ಪ್ರಕಟವಾದ, ಎಡಿಎಚ್‌ಡಿ ಚಿಕಿತ್ಸೆ ಬಗೆಗಿನ ಎಂಟಿಎ ಎಂಬ ಅಧ್ಯಯನದಲ್ಲಿ ಎಡಿಎಚ್‌ಡಿ ಇದ್ದ 579 ಮಕ್ಕಳಿದ್ದರು, 7ರಿಂದ 9 ವರ್ಷದವರು. ಸುಮಾರು ಮೂರರಲ್ಲಿ ಒಂದು ಮಗುವಿಗೆ ಆತಂಕದ ಕಾಯಿಲೆಯೂ ಇತ್ತು.

ಸದ್ಯಕ್ಕೆ ಗೇಟಿನ ಪ್ರಶ್ನೆಗೆ ಒಂದೇ ಸಲ ಉತ್ತರ ಕೊಡಿ: ‘ಬೆಲ್ ಹೊಡೆದಾಗ ಇಲ್ಲೇ ನಿಂತಿರ್ತೀನಿ.’ ಮತ್ತೆ ಕೇಳಿದರೆ, ‘ನಿನಗೇ ಗೊತ್ತಲ್ಲ, ಹೇಳು’ ಅನ್ನಿ. ಹತ್ತು ಸಲ ಸಮಾಧಾನ ಹೇಳಿದರೆ ಹನ್ನೊಂದನೇ ಸಲವೂ ಬೇಕಾಗುತ್ತದೆ. ಅಳುತ್ತಾನೆ ಅಂತ ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಆ ದಿನ ನೆಮ್ಮದಿ, ಮರುದಿನ ಭಯ ಇನ್ನೂ ಜಾಸ್ತಿ. ಜೊತೆಗೆ, ಶಾಲೆಯಲ್ಲಿ ಯಾರಾದರೂ ಹೆದರಿಸುತ್ತಿದ್ದಾರಾ ಅಂತ ಮೆತ್ತಗೆ ವಿಚಾರಿಸಿ.

ಇನ್ನೊಬ್ಬರ ಪ್ರಶ್ನೆ (ಒಬ್ಬ ತಂದೆ): ನನ್ನ ಮಗಳಿಗೆ ಏಳು ವರ್ಷ. ಎಡಿಎಚ್‌ಡಿ ಏನಿಲ್ಲ. ಒಂದು ತಿಂಗಳಿಂದ ಸಣ್ಣದಕ್ಕೂ ಸಿಡುಕು. ಬಣ್ಣದ ಪೆನ್ಸಿಲ್ ಅಂದರೆ ಪ್ರಾಣ ಬಿಡುತ್ತಿದ್ದಳು, ಈಗ ಡಬ್ಬಿ ಮುಚ್ಚಳವನ್ನೂ ತೆಗೆಯುವುದಿಲ್ಲ. ಇಷ್ಟು ಚಿಕ್ಕವರಿಗೆ ಖಿನ್ನತೆ ಬರುತ್ತಾ?

ಉತ್ತರ: ಬರುತ್ತದೆ ಸರ್. ಶಾಲೆಗೆ ಸೇರುವ ಮುಂಚಿನ ವಯಸ್ಸಿನಲ್ಲೂ ಗುರುತಿಸಿದ್ದಾರೆ. ಮಕ್ಕಳು ಯಾವಾಗಲೂ ಅಳುಮುಖ ಮಾಡಿಕೊಂಡು ಕೂರುವುದಿಲ್ಲ. ಎಷ್ಟೋ ಸಲ ದುಃಖ ಸಿಡುಕಾಗಿ ಹೊರಗೆ ಬರುತ್ತದೆ, ನಾವು ‘ಹಟ ಜಾಸ್ತಿ ಆಯ್ತು’ ಅಂತ ಬೈಯುತ್ತೇವೆ. ನನಗೆ ಸಿಡುಕಿಗಿಂತ ಆ ಮುಚ್ಚಿದ ಡಬ್ಬಿಯೇ ಹೆಚ್ಚು ಮುಖ್ಯ. ಇಷ್ಟದ ಆಟದಲ್ಲೂ ಖುಷಿ ಇಲ್ಲದಿರುವುದು ದೊಡ್ಡ ಸುಳಿವು. ಎರಡು ವಾರ ದಾಟಿದರೆ ತೋರಿಸಬೇಕು, ನಿಮಗೆ ಒಂದು ತಿಂಗಳಾಗಿದೆ. ಈ ವಾರವೇ ಹೋಗಿ. ನಿದ್ದೆ, ಊಟ ಹೇಗಿದೆ ಅಂತ ಗಮನಿಸಿ. ‘ನಾನು ಇಲ್ಲದಿದ್ದರೆ ಒಳ್ಳೇದು’, ‘ಸತ್ತುಹೋಗಬೇಕು’ ಅನ್ನುವಂಥ ಮಾತು ಬಂದರೆ ಚಿಕ್ಕ ಮಗು ಅಂತ ಬಿಡಬೇಡಿ, ಅದೇ ದಿನ ಕರೆದುಕೊಂಡು ಹೋಗಿ. ಅದರ ಬಗ್ಗೆ ನೇರವಾಗಿ ಕೇಳಿದರೆ ಮಗುವಿನ ತಲೆಗೆ ಆ ಯೋಚನೆ ಹಾಕಿದಂತೆ ಆಗುವುದಿಲ್ಲ.

ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಖಿನ್ನತೆ ಕಾಣುವುದೇ ಕಷ್ಟ. ಕುಣಿಯುತ್ತಲೇ ಇರುತ್ತಾರೆ, ನಾವು ಚೆನ್ನಾಗಿದ್ದಾರೆ ಅಂದುಕೊಳ್ಳುತ್ತೇವೆ. ‘ನಾನು ಕೆಟ್ಟ ಹುಡುಗ, ಎಲ್ಲರಿಗೂ ನನ್ನ ಮೇಲೆ ಕೋಪ’ ಅನ್ನುವಂಥ ಮಾತಿಗೆ ಕಿವಿಗೊಡಿ.

ಮರುಪ್ರಶ್ನೆ (ತಾಯಿ): ಮಾತ್ರೆ ಕೊಡ್ತಾರಾ ಮೇಡಂ? ಅದರಿಂದ ಆತಂಕ ಜಾಸ್ತಿ ಆಗಲ್ವಾ?

ಉತ್ತರ: ಆತಂಕಕ್ಕೆ ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಮೊದಲು ಮಾತಿನ ಚಿಕಿತ್ಸೆ. ಭಯವನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡಿ ಹತ್ತಿಸುತ್ತಾರೆ, ಅಪ್ಪ ಅಮ್ಮನಿಗೂ ಕಲಿಸುತ್ತಾರೆ. ಎಡಿಎಚ್‌ಡಿಗೂ 6 ವರ್ಷ ತುಂಬದವರಿಗೆ ಮೊದಲು ಪೋಷಕರ ತರಬೇತಿಯೇ. ನಿಮ್ಮ ಮಗನ ವಯಸ್ಸಿಗೆ ಮಾತ್ರೆಯೂ ಒಂದು ದಾರಿ. ಕೆಲವು ಮಕ್ಕಳಿಗೆ ಮಾತ್ರೆಯಿಂದ ಕಿರಿಕಿರಿ, ಆತಂಕ ಹೆಚ್ಚಬಹುದು. ಆಗ ಡಾಕ್ಟರಿಗೆ ಹೇಳಿದರೆ ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ. ಇನ್ನು ಕೆಲವರಿಗೆ ಕೆಲಸ ಸುಲಭವಾಗಿ, ಬೈಗುಳ ಕಡಿಮೆಯಾಗಿ, ಆತಂಕವೂ ಇಳಿಯುತ್ತದೆ. ಮೊದಲೇ ಹೆದರಬೇಡಿ.

ಡಾಕ್ಟರ್ ಹತ್ತಿರ ಹೋಗುವ ಮುಂಚೆ ಒಂದು ವಾರ ಬರೆದಿಡಿ: ಯಾವಾಗ ಅತ್ತ, ಯಾವಾಗ ಓಡಾಡಿದ, ಅದಕ್ಕೆ ಮುಂಚೆ ಏನಾಗಿತ್ತು. ಟೀಚರಿಗೂ ಹಾಗೇ ಬರೆಯಲು ಹೇಳಿ. ಎರಡೂ ಹಾಳೆ ತೆಗೆದುಕೊಂಡು ಹೋಗಿ. ಆ ಹರಿದ ನೋಟ್‌ಬುಕ್ಕೂ ಜೊತೆಗಿರಲಿ.