‘ಮ್ಯಾಕ್ ಬೈಂಡಿಂಗ್’ಗೆ ‘ಗಂಟು ಹಾಕುವುದು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮನೆಯ ಇಂಟರ್ನೆಟ್ ಕೈಕೊಟ್ಟಾಗ ಏನೇನು ನೋಡಬೇಕು ಅಂತ ನಮ್ಮ ಅಪಾರ್ಟ್‌ಮೆಂಟಿನ ಹಿರಿಯರಿಗಾಗಿ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ಸಹಾಯ ಬೇಕು.

ತೊಂದರೆ ಇದು. ಹಳೇ ಕಂಪ್ಯೂಟರಿನಲ್ಲಿ ನೆಟ್ ಬರುತ್ತದೆ. ಅದೇ ಕೇಬಲನ್ನು ಹೊಸ ಲ್ಯಾಪ್‌ಟಾಪಿಗೋ ರೂಟರಿಗೋ ಚುಚ್ಚಿದರೆ ಇಲ್ಲ. ಲ್ಯಾಪ್‌ಟಾಪಿನಲ್ಲಿ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಯಂತ್ರಕ್ಕೆ ಸಿಗುವ ಸಂಖ್ಯೆ) 169.254 ಅಂತ ಶುರುವಾಗಿರುತ್ತದೆ. ಅಂದರೆ ಇಂಟರ್ನೆಟ್ ಕೊಡುವ ಆಪರೇಟರ್ ಕಡೆಯಿಂದ ವಿಳಾಸ ಸಿಕ್ಕಿಲ್ಲ, ವಿಂಡೋಸ್ ತಾನೇ ಒಂದನ್ನು ಇಟ್ಟುಕೊಂಡಿದೆ. ಕೇಬಲ್ ವಾಪಸ್ ಹಳೇದಕ್ಕೆ ಹಾಕಿದ ಕೂಡಲೇ ನೆಟ್ ಬಂದರೆ, ಆಪರೇಟರ್ ಮೊದಲ ಯಂತ್ರದ ಮ್ಯಾಕ್ (ನೆಟ್‌ವರ್ಕ್ ಕಾರ್ಡಿಗೆ ತಯಾರಕರು ಕೊಟ್ಟ ಗುರುತಿನ ಸಂಖ್ಯೆ) ದಾಖಲಿಸಿಕೊಂಡು ಅದಕ್ಕೆ ಮಾತ್ರ ದಾರಿ ಬಿಡುತ್ತಿರುವ ಸಾಧ್ಯತೆ ಜಾಸ್ತಿ. ಇದೇ ‘ಮ್ಯಾಕ್ ಬೈಂಡಿಂಗ್’.

ಕೇಬಲ್ ಹುಡುಗರು ಇದಕ್ಕೆ ‘ಮ್ಯಾಕ್ ಲಾಕ್ ಆಗಿದೆ’ ಅನ್ನುತ್ತಾರೆ. ಕೇಳಿದವರು ಸುಮ್ನೆ ಪಾಸ್‌ವರ್ಡ್ ಹುಡುಕುತ್ತಾರೆ. ‘ಬಂಧನ’ ಅಂದರೆ ಪೊಲೀಸರು ನೆನಪಾಗುತ್ತಾರೆ. ನನಗೆ ಒಪ್ಪುವುದು ‘ಗಂಟು ಹಾಕು’. ‘ಕನೆಕ್ಷನ್ ಒಂದೇ ಕಂಪ್ಯೂಟರಿಗೆ ಗಂಟು ಹಾಕಿದ್ದಾರೆ, ಫೋನ್ ಮಾಡಿ ಬಿಚ್ಚಿಸಿ’ ಅಂದರೆ ಮುಂದೆ ಮಾಡಬೇಕಾದ ಕೆಲಸವೂ ಮಾತಿನಲ್ಲೇ ಬಂತು, ಅಲ್ವಾ?

‘ಮ್ಯಾಕ್ ವಿಳಾಸ’ವನ್ನು ‘ಮ್ಯಾಕ್ ಸಂಖ್ಯೆ’ ಮಾಡಿದ್ದೇನೆ. 12 ಅಂಕಿ-ಅಕ್ಷರಗಳ ಇದರಲ್ಲಿ ಮೊದಲ 6 ಸಾಮಾನ್ಯವಾಗಿ ತಯಾರಕರ ಗುರುತು. ಮನೆ ಬದಲಾದರೂ ಇದು ಬದಲಾಗುವುದಿಲ್ಲ. ಗಾಡಿಯ ಚಾಸಿಸ್ ನಂಬರ್ ಇದ್ದ ಹಾಗೆ.

ನಿಜವಾಗಿ ಕಾಡುತ್ತಿರುವುದು ‘ಮ್ಯಾಕ್ ಕ್ಲೋನ್’, ಅಂದರೆ ಹಳೇ ಕಂಪ್ಯೂಟರಿನ ಮ್ಯಾಕ್ ಸಂಖ್ಯೆಯನ್ನೇ ರೂಟರಿಗೂ ಕೊಡುವುದು. ಹಳೇ ಕಂಪ್ಯೂಟರನ್ನು ವೈರಿನಲ್ಲೇ ರೂಟರಿಗೆ ಜೋಡಿಸಿ, ಅದರಿಂದಲೇ ರೂಟರಿನ ಸೆಟ್ಟಿಂಗ್ ಪುಟ ತೆರೆದು ಕ್ಲೋನ್ ಬಟನ್ ಒತ್ತಬೇಕು. (ವೈಫೈಯಲ್ಲಿ ಜೋಡಿಸಿದರೆ ಆಗದು, ವೈಫೈ ಕಾರ್ಡಿನ ಮ್ಯಾಕ್ ಬೇರೆ.) ಆಮೇಲೆ ರೂಟರ್ ಆ ಕಂಪ್ಯೂಟರಿನ ಸಂಖ್ಯೆಯನ್ನೇ ಆಪರೇಟರಿಗೆ ತೋರಿಸುತ್ತದೆ, ಮನೆಯ ಫೋನುಗಳಿಗೆಲ್ಲ ನೆಟ್ ಸಿಗುತ್ತದೆ. ‘ನಕಲು ಮಾಡಿ’ ಅಂತ ಬರೆದರೆ ‘ನಕಲಿ’ಯ ವಾಸನೆ ಬರುತ್ತದೆ. ಏನೋ ಕಳ್ಳ ಕೆಲಸ ಅಂತ ಹಿರಿಯರು ಹೆದರಿ ಕೈಬಿಡುತ್ತಾರೆ, ಅದು ಆಗಬಾರದು. ‘ಪ್ರತಿ’ಗೆ ಆ ಕಳಂಕವಿಲ್ಲ, ಆದರೆ ‘ಮ್ಯಾಕ್ ಪ್ರತಿ ಮಾಡಿ’ ಅನ್ನುವುದು ಬಾಯಿಗೆ ಕೂರುವುದಿಲ್ಲ. ಸದ್ಯಕ್ಕೆ ‘ಹಳೇ ಕಂಪ್ಯೂಟರಿನ ಸಂಖ್ಯೆಯನ್ನೇ ರೂಟರಿಗೂ ಕೊಡಿ (ಕ್ಲೋನ್ ಬಟನ್)’ ಅಂತ ಉದ್ದಕ್ಕೆ ಬರೆದಿದ್ದೇನೆ.

ಇದಕ್ಕೊಂದು ಚಿಕ್ಕ ಕ್ರಿಯಾಪದ ಹೊಳೆಯುತ್ತದೆಯೇ? ‘ಗಂಟು ಹಾಕು’ ಅಂದರೆ ಬೇಡದವರನ್ನು ಜೋಡಿ ಮಾಡುವುದು ಅನ್ನುವ ಅರ್ಥವೂ ಇದೆ. ಹುಬ್ಬಳ್ಳಿ, ಮಂಗಳೂರು ಕಡೆಯವರ ಕಿವಿಗೆ ಆ ಅರ್ಥವೇ ಮೊದಲು ಬೀಳುತ್ತದೆಯೇ, ದಯವಿಟ್ಟು ತಿಳಿಸಿ.