ಖಾಲಿ ಟ್ಯಾಂಕ್ ಎತ್ತಿಟ್ರ ಫಿಲ್ಟರ್‌ನ ಬ್ಯಾಕ್ಟೀರಿಯಾ ಉಳಿಸೋದು ಹ್ಯಾಂಗ?

ಪ್ರಶ್ನೆ (ವಿಜಯಪುರದಿಂದ): ನಮಸ್ಕಾರ್ರೀ ಸರ. ಮನ್ಯಾಗ ಎರಡು ಅಕ್ವೇರಿಯಂ ಅದಾವ. 50 ಲೀಟರಿನ ಸಣ್ಣ ಟ್ಯಾಂಕಿನ ಮೀನೆಲ್ಲಾ ದೊಡ್ಡದಕ್ಕ ಬಿಟ್ಟೇನಿ. ಸಣ್ಣದನ್ನ ಮಳಿಗಾಲದ ತನಕ ಎತ್ತಿಡೋ ವಿಚಾರ. ಅದರ ಸ್ಪಂಜ್ ಫಿಲ್ಟರ್ ಚೊಲೋ ಪಳಗಿದ್ದು, ಅಂದ್ರ ನೀರು ಶುದ್ಧ ಮಾಡೋ ಬ್ಯಾಕ್ಟೀರಿಯಾ ಅದರಾಗ ಬೆಳದಾವ. ಅಂಗಡಿಯವರು "ತೊಳದು ಬಿಸಲಿಗೆ ಒಣಗಿಸಿ ಇಡ್ರಿ" ಅಂದ್ರು. ಹಂಗಿಟ್ರ ಬ್ಯಾಕ್ಟೀರಿಯಾ ಉಳೀತಾವೇನ್ರೀ?

ಅಕ್ವೇರಿಯಂ ನಿರ್ವಹಣೆ ಮಾಡೋರ ಉತ್ತರ: ಒಣಗಿಸಬ್ಯಾಡ್ರಿ! ಮೀನಿನ ಅಮೋನಿಯಾನ ನೈಟ್ರೈಟ್ ಮಾಡೋ ಬ್ಯಾಕ್ಟೀರಿಯಾ, ಆ ನೈಟ್ರೈಟನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ, ಎರಡೂ ಹಸಿವು ತಡಕೋತಾವ. ಊಟ ಕಡಿಮಿ ಆದ್ರ ಕೆಲಸ ನಿಧಾನ ಮಾಡ್ಕೊಂಡು ವಾರಗಟ್ಟಲೆ ಸುಮ್ನ ಇರ್ತಾವ. ತಡಕೊಳ್ಳಲಾರದ್ದು ಒಣಗೋದು ಮತ್ತ ಉಸಿರುಗಟ್ಟೋದು. ನೀರಾಗ ಅವು ಭಾಳ ಇರೂದಿಲ್ಲ. ಸ್ಪಂಜಿನ ತೂತಿನಾಗ, ಹಳ್ಳಿನ ಮ್ಯಾಲ ಜಾರೂ ಪದರ ಕಟ್ಕೊಂಡು ಕುಂತಿರ್ತಾವ. ಅದಕ್ಕ ಹಳೇ ನೀರು ಕಾಯ್ದಿಟ್ರ ಏನೂ ಉಪಯೋಗಿಲ್ಲ, ಸ್ಪಂಜ್ ಕಾಯ್ರಿ.

ನಿಮಗ ದೊಡ್ಡ ಟ್ಯಾಂಕ್ ಐತಿ ಅಂದಮ್ಯಾಲ ಚಿಂತಿ ಯಾಕ್ರೀ? ಈ ಸ್ಪಂಜ್ ಫಿಲ್ಟರ್ ಅದರಾಗ ಒಂದು ಮೂಲಿಗಿ ಇಟ್ಟು ಓಡಿಸ್ರಿ. ಗಾಜಿನ ಟ್ಯಾಂಕ್ ತೊಳದು ಒಣಗಿಸಿ ಅಟ್ಟದ ಮ್ಯಾಲ ಇಡ್ರಿ. ಒಂದು ಮಾತು: ಇದ್ದ ಅಮೋನಿಯಾನ ಎರಡೂ ಫಿಲ್ಟರ್ ಹಂಚ್ಕೊಂಡು ತಿಂತಾವ, ಬ್ಯಾಕ್ಟೀರಿಯಾ ಎರಡು ಪಟ್ಟು ಆಗೂದಿಲ್ಲ. ಮುಂದ ಸಣ್ಣ ಟ್ಯಾಂಕಿಗಿ ವಾಪಸ್ ಹಾಕಿದಾಗ ಮೊದಲ ನಾಕೈದು ಸಣ್ಣ ಮೀನು ಬಿಟ್ಟು ಆಮ್ಯಾಲ ಹೆಚ್ಚಿಸ್ರಿ.

ಪ್ರಶ್ನೆ (ಇನ್ನೊಬ್ಬರು, ಇಂಡಿಯಿಂದ): ನಂದು ಒಂದೇ ಟ್ಯಾಂಕ್ ಸರ. ಬಕೆಟ್‌ನಾಗ ಇಟ್ರ ನಡೀತೈತೇನ್ರೀ?

ಉತ್ತರ: ನಡೀತೈತಿ, ಏರ್ ಸ್ಟೋನ್ (ಪಂಪಿನ ಗಾಳಿನ ಗುಳ್ಳಿ ಮಾಡಿ ಬಿಡೋ ಕಲ್ಲು) ಓಡ್ಕೋತ ಇರಬೇಕು. ಬ್ಯಾಕ್ಟೀರಿಯಾದ ಊಟಕ್ಕ ಅಮೋನಿಯಂ ಕ್ಲೋರೈಡ್ ಬೇಕು. ಕಲಾಯಿ ಹಾಕೋರು ಬಳಸೋ ನವಸಾಗರ ಇದೇ, ಆದ್ರ ಅದರಾಗ ಬ್ಯಾರೆ ಏನು ಕಲತಿರ್ತೈತೋ, ಅದು ಬ್ಯಾಡ. ಲ್ಯಾಬ್ ಸಾಮಾನಿನ ಅಂಗಡಿಯಾಗ ಶುದ್ಧದ್ದು ತಗೋರಿ. 10 ಗ್ರಾಂ ಪುಡಿ 1 ಲೀಟರ್ ನೀರಾಗ ಕರಗಿಸಿಟ್ಟು, 15 ಲೀಟರಿನ ಬಕೆಟ್‌ಗೆ 5 ಮಿಲೀ ಹಾಕಿದ್ರ ಲೀಟರಿಗೆ ಹತ್ರತ್ರ 1 ಮಿಲಿಗ್ರಾಂ ಅಮೋನಿಯಾ ಆಗ್ತೈತಿ. ಟೆಸ್ಟ್ ಕಿಟ್‌ನಾಗ ಸೊನ್ನಿಗಿ ಬಂದಮ್ಯಾಲನ ಮತ್ತ ಹಾಕ್ರಿ. ವಾರಕ್ಕೊಮ್ಮೆ ಸಾಕು. ಮೀನಿನ ಊಟದ ಚಿಟಿಕಿ ಹಾಕಿದ್ರೂ ಕೊಳತು ಅಮೋನಿಯಾ ಬರ್ತೈತಿ, ಖರೆ, ಆದ್ರ ಬಕೆಟ್ ರಾಡಿ ಆಗ್ತೈತಿ.

ಪ್ರಶ್ನೆ (ಮೊದಲಿನವರು): ಬ್ಯಾಸಗ್ಯಾಗ ಇಲ್ಲಿ 40 ಡಿಗ್ರಿ ದಾಟ್ತೈತಿ. ಮ್ಯಾಲ ಕರೆಂಟ್ ಹೋಗ್ತೈತಿ. ದೊಡ್ಡ ಟ್ಯಾಂಕಿಗಿ ಇರೋದು ಕೆನಿಸ್ಟರ್ ಫಿಲ್ಟರ್.

ಉತ್ತರ: ಚೊಲೋ ಕೇಳಿದ್ರಿ, ನಮ್ಮ ಕಡೆ ಫಿಲ್ಟರ್ ಕೆಡೋದೇ ಇದರಿಂದ. 20 ಡಿಗ್ರಿ ನೀರಾಗ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡೀತೈತಿ. 30 ಡಿಗ್ರಿಗೆ 7.5, 40ಕ್ಕ 6.4. ಬಿಸಿ ನೀರಾಗ ಬ್ಯಾಕ್ಟೀರಿಯಾಕ್ಕ ಉಸಿರು ಕಡಿಮಿ. ಕೆನಿಸ್ಟರ್ ಅಂತೂ ಮುಚ್ಚಿದ ಡಬ್ಬಿ, ಕರೆಂಟ್ ಹೋಗಿ ತಾಸುಗಟ್ಟಲೆ ನಿಂತ್ರ ಒಳಗಿನ ಆಮ್ಲಜನಕ ತೀರ್ತೈತಿ. ಆಮ್ಯಾಲ ಸ್ಪಂಜ್ ಕರ್ರಗಾಗಿ ಕೊಳತ ತತ್ತಿ ವಾಸನಿ ಹೊಡೀತೈತಿ. ಕರೆಂಟ್ ಬರೂದು ತಡ ಐತಿ ಅಂತ ಗೊತ್ತಾದ್ರ ಡಬ್ಬಿ ಬಿಚ್ಚಿ ಸ್ಪಂಜ್, ಸಿರಾಮಿಕ್ ರಿಂಗ್ (ಬ್ಯಾಕ್ಟೀರಿಯಾ ಕುಂದ್ರೋ ತೂತಿನ ಬಳಿ) ಟ್ಯಾಂಕಿನ ನೀರಿಗೇ ಹಾಕ್ರಿ, ಬ್ಯಾಟರಿ ಏರ್ ಪಂಪ್ ಹಚ್ರಿ. ನಿಂತ ನೀರು ಚೆಲ್ಲದ ಕೆನಿಸ್ಟರ್ ಚಾಲೂ ಮಾಡಬ್ಯಾಡ್ರಿ. ಆ ಹೊಲಸು ಮೀನಿಗೇ ಬಡೀತೈತಿ.

ಪ್ರಶ್ನೆ (ಮೂರನೇಯವರು): ಬೋರಿನ ಗಡಸು ನೀರು ನಡೀತೈತಾ?

ಉತ್ತರ: ನಡೀತೈತಿ. ಅಮೋನಿಯಾ ಅರಗಿಸುವಾಗ ಈ ಬ್ಯಾಕ್ಟೀರಿಯಾ ನೀರಿನ ಕ್ಷಾರ ತಿಂತಾವ, ನಮ್ಮ ಬೋರ್ ನೀರಾಗ ಅದು ಸಾಮಾನ್ಯವಾಗಿ ಧಾರಾಳ. ನಳದ ನೀರಿನ ಕ್ಲೋರಿನ್ ಮಾತ್ರ ಕೊಲ್ತೈತಿ. ಸ್ಪಂಜ್ ಹಿಂಡೋದಿದ್ರ ಟ್ಯಾಂಕಿನಿಂದ ತಗದ ನೀರಾಗ ಹಿಂಡ್ರಿ.

ಪ್ರಶ್ನೆ (ಮೊದಲಿನವರು): ಮತ್ತ ಹಚ್ಚುವಾಗ ಜೀವಂತ ಅದಾವ ಅಂತ ತಿಳಿಯೋದು ಹ್ಯಾಂಗ್ರೀ?

ಉತ್ತರ: ಮೀನು ಬಿಡೂಕಿಂತ ಮೊದಲ, ಮ್ಯಾಲ ಇಂಡಿಯವರಿಗೆ ಹೇಳಿದ ಅಮೋನಿಯಂ ಕ್ಲೋರೈಡ್ ದ್ರಾವಣಾನ 50 ಲೀಟರಿಗೆ 15 ಮಿಲೀ ಹಾಕ್ರಿ. ಮರುದಿನ ಅದೇ ಹೊತ್ತಿಗಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನಿ ಬಂದ್ರ ಮೀನು ಬಿಡ್ರಿ. ಅಮೋನಿಯಾ ಹೋಗಿ ನೈಟ್ರೈಟ್ ಉಳಿದ್ರ ಎರಡನೇ ಗುಂಪು ಇನ್ನೂ ಚೇತರಿಸ್ಕೊಂಡಿಲ್ಲ, ಕಾಯ್ರಿ.